ಹೆಬ್ಬೆರಳಿಗೆ ಉದುರುವ ಗುಡ್ಡ

ನಿರೀಕ್ಷಾ ಮಗಳೇ,

ಪಾಲಿಕೆಯವರು ತಡೆಗೋಡೆ ಕಟ್ಟಿಕೊಡುತ್ತೇವೆಂದರು, ಕಟ್ಟಲಿಲ್ಲ. ಮಳೆನೀರಿಗೆ ಚರಂಡಿ ಎಂದರು, ಸುಣ್ಣದ ಗೆರೆ ಎಳೆದು ಹೋದರು. ಶಕ್ತಿನಗರದ ಗುಡ್ಡದ ಬುಡದಲ್ಲಿರುವ ಹನ್ನೊಂದು ಮನೆಗಳಿಗೆ ಬದಲಿ ಜಾಗ ಎಂದರು. ಈಗ ಅಂಥ ಮಾತೇ ಆಡಿಲ್ಲವಂತೆ. ಮಣ್ಣು ಪರೀಕ್ಷೆಯೊಂದನ್ನು ಮಾಡಿದರು. ಮಾಡಿ, ಗುಡ್ಡ ಗಟ್ಟಿ ಉಂಟು, ಗೋಡೆ ಬೇಡ ಎಂದರು.

ಇದೆಲ್ಲ ನಿನಗೆ ಗೊತ್ತಿರುವುದೇ. ಆ ಹನ್ನೊಂದರಲ್ಲಿ ಒಂದು ನಿನ್ನ ಅಜ್ಜಿ ಮುದ್ದಕ್ಕನ ಮನೆ, ನೀನು ಹುಟ್ಟಿ ಬೆಳೆದದ್ದೂ ಅಲ್ಲೇ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಿನ್ನೆ ಸಭೆಯ ಮಾತೆತ್ತಿದಾಗ ನೀನು ಫೋನಿನಲ್ಲಿ "ನಂಗೆ ಆಗುದಿಲ್ಲ ಮಾಮ" ಎಂದು ಇಟ್ಟುಬಿಟ್ಟೆ. ಕಾಗದವಾದರೆ ಅರ್ಧದಲ್ಲಿ ಕಟ್ ಮಾಡಲಿಕ್ಕಾಗುವುದಿಲ್ಲ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಮೂವತ್ತೈದು ವರ್ಷ ಕರಪತ್ರ ಬರೆದವನು, ಇಂಗ್ಲಿಷ್ ಬೋರ್ಡುಗಳಿಗೆ ಟಾರು ಬಳಿದು ಸ್ಟೇಷನ್ನಿನಲ್ಲಿ ಕೂತವನು ನಾನು. ಮಣ್ಣಿನ ವರದಿ ಇಂಗ್ಲಿಷಿನಲ್ಲಿ ಬಂದಾಗ ಮುಟ್ಟಲಿಲ್ಲ. ಕನ್ನಡದಲ್ಲಿ ಕೊಡಿ ಎಂದು ಕಚೇರಿಯ ಮೆಟ್ಟಿಲಲ್ಲಿ ಎರಡು ದಿನ ಧರಣಿ ಕೂತೆವು. ಕೊಟ್ಟರು. ಒಂದೇ ಪುಟ. ಗೆದ್ದೆವೆಂದು ಘೋಷಣೆ ಕೂಗಿ, ನಿಮ್ಮ ಅಂಗಳದಲ್ಲಿ ಅವಲಕ್ಕಿ ತಿಂದು, ಮೂಲ ವರದಿಯನ್ನು ಚೀಲದ ಅಡಿಗೆ ಹಾಕಿದೆ. ಎರಡು ವರ್ಷ ಅದು ಅಲ್ಲೇ ಇತ್ತು.

ಕಳೆದ ಭಾನುವಾರ ನೀನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅದನ್ನು ನನ್ನ ಚೀಲದಿಂದ ತೆಗೆದು ಓದಿದೆ.

"ಇದು ಓದಿದ್ದೀರಾ ಮಾಮ?"

"ಕನ್ನಡದ್ದು ಓದಿದ್ದೇನಲ್ಲ."

"ಅದರಲ್ಲಿ ಮೇಲಿನ ಕೆಂಪು ಮುರಕಲ್ಲಿನ ಕತೆ ಮಾತ್ರ ಉಂಟು ಮಾರಾಯ್ರೆ. ಕೆಳಗಿನ ಬಿಳಿ ಶೇಡಿಮಣ್ಣಿನದ್ದು ಬಿಟ್ಟಿದ್ದಾರೆ. ಇಲ್ಲಿ ನೋಡಿ, ಫ್ರೈಯಬಲ್ ಅಂತ ಬರ್ದಿದ್ದಾರೆ."

ಆ ಶಬ್ದವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ನೀನು ಅರ್ಥ ಹೇಳಲಿಲ್ಲ. ಎದ್ದು ಮನೆಯ ಹಿಂದೆ, ಅಪಾರ್ಟ್‌ಮೆಂಟಿಗಾಗಿ ಗುಡ್ಡ ಕಡಿದ ಜಾಗಕ್ಕೆ ಹೋಗಿ ಬೆಲ್ಲದ ಅಚ್ಚಿನಷ್ಟು ದೊಡ್ಡ ಹೆಂಟೆಯೊಂದನ್ನು ಕಿತ್ತು ತಂದೆ. ಬಿಳಿ, ನಡುವೆ ಗುಲಾಬಿ ಗೆರೆ. ನೋಡಲಿಕ್ಕೆ ಚೆಂದವೇ ಇತ್ತು. ನನ್ನ ಅಂಗೈಯಲ್ಲಿಟ್ಟು "ಒತ್ತಿ" ಎಂದೆ. ನಾನು ಹೆಬ್ಬೆರಳಿನಿಂದ ಒತ್ತಿದೆ. ಸದ್ದಿಲ್ಲ. ಕಲ್ಲಿನ ಹಾಗೆ ಕೂತಿದ್ದದ್ದು ಹಿಟ್ಟಾಗಿ ಬೆರಳ ಸಂದಿಯಿಂದ ಇಳಿದುಹೋಯಿತು.

"ಫ್ರೈಯಬಲ್ ಅಂದ್ರೆ ಇದೇ. ಹೊಡೀಲಿಕ್ಕೇ ಇಲ್ಲ, ಮುಟ್ಟಿದ್ರೆ ಸಾಕು."

ತಲೆ ಎತ್ತಿದೆ. ನಲವತ್ತು ಅಡಿ ಅದೇ ಬಿಳಿ ಮಣ್ಣು. ಅದರ ಮೇಲೆ ಮುರಕಲ್ಲು, ಆ ಕಲ್ಲಿನ ಮೇಲೆ ಗೇರುಮರ, ಏಳು ಮಾಳಿಗೆ, ಸಾಲಾಗಿ ನಿಲ್ಲಿಸಿದ ಕಾರುಗಳು. ಇಷ್ಟು ವರ್ಷ ಇಷ್ಟೆಲ್ಲ ಹೊತ್ತು ನಿಂತದ್ದು ಇದಾ! ಮೈ ಜುಮ್ಮೆಂದಿತು. ಹೆದರಿಕೆ ಮಾತ್ರ ಅಲ್ಲ ಮಗಾ. ದೇವರಿಗೆ ಕೈ ಮುಗಿಯದವನು ನಾನು, ಅಲ್ಲಿ ಕೈ ತಾನಾಗಿ ಕೂಡಿಕೊಂಡಿತು. ಮತ್ತೆ ಆ ಇಂಗ್ಲಿಷ್ ಶಬ್ದ! ಯಾರೋ, ಯಾವ ದೇಶದಲ್ಲೋ, ಇಂಥದ್ದೇ ಹೆಂಟೆಯೊಂದನ್ನು ಒತ್ತಿ ನೋಡಿ ಬೆಚ್ಚಿ ಅದಕ್ಕೊಂದು ಹೆಸರಿಟ್ಟಿರಬೇಕು. ನಾನು ಟಾರು ಬಳಿದ ಭಾಷೆಯಲ್ಲಿ ಮುದ್ದಕ್ಕನ ಹಿತ್ತಿಲಿನ ಮಣ್ಣಿಗೆ ಇಷ್ಟು ಸರಿಯಾದ ಶಬ್ದ ಉಂಟೆಂದು ಯಾರಿಗೆ ಗೊತ್ತು?

ಮುದ್ದಕ್ಕ ಹಿಡಿಸೂಡಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಅದಕ್ಕೆ ಇಂಗ್ಲಿಷಿನಲ್ಲಿ ಹೆಸರು ಬೇರೆ ಉಂಟಾ? ನಾನು ದಿನಾ ಬೆಳಿಗ್ಗೆ ಒಂದು ಬುಟ್ಟಿ ಗುಡಿಸ್ತೇನೆ. ಮಳೆ ಇಲ್ಲ, ಗಾಳಿ ಇಲ್ಲ, ಸುಮ್ಮನೆ ಉದುರ್ತದೆ. ಆ ಇಂಜಿನಿಯರಿಗೆ ಹೇಳಿದ್ರೆ, ಅಜ್ಜಿ ನಿಮಗೆ ಗೊತ್ತಾಗುದಿಲ್ಲ ಅಂದ. ಅವನ ಕಾಗದದಲ್ಲೇ ಉಂಟಲ್ಲ!"

ಹಿಡಿಸೂಡಿಗೆ ಗೊತ್ತಿದ್ದದ್ದೂ ಪ್ರಯೋಗಾಲಯಕ್ಕೆ ಗೊತ್ತಿದ್ದದ್ದೂ ಒಂದೇ. ನಡುವೆ ನಿಂತು ಮುಚ್ಚಿದವರು ಕಚೇರಿಯವರು. ಮುಚ್ಚಲು ಒಂದು ಪುಟ ಸಾಕಾಯಿತು. ಆ ಪುಟವನ್ನು ಹಟ ಹಿಡಿದು ಪಡೆದವನು ನಾನು.

ಹುರುಪಿನಲ್ಲಿ ನಾನು, ಈ ವ್ಯವಸ್ಥೆಯೇ ಫ್ರೈಯಬಲ್ ಎಂದು ಭಾಷಣ ಬಿಗಿಯುತ್ತೇನೆ ಅಂದೆ. ನೀನು ಗದರಿದೆ: "ಬೇಡ ಮಾಮ. ಅದು ಮಣ್ಣಿಗೆ ಹೇಳಿದ್ದು. ನೀವು ಭಾಷಣಕ್ಕೆ ಹಾಕಿದ್ರೆ ಅವರು ನಗಾಡಿ ಬಿಡ್ತಾರೆ. ಗೋಡೆ ಬೇಕಾ, ಚಪ್ಪಾಳೆ ಬೇಕಾ?" ಮುದ್ದಕ್ಕ ಸೆರಗು ಬಾಯಿಗಿಟ್ಟು ನಕ್ಕರು. ಅದಕ್ಕೇ, ಪಾಲಿಕೆಯ ಅಹವಾಲು ಸಭೆಯಲ್ಲಿ ನೀನೇ ಮಾತಾಡಬೇಕು ಎನ್ನುವುದು.

ನಿನ್ನ ಸಂಕಟ ಗೊತ್ತು. ಬಲ್ಮಠದ ಕಾಲೇಜಿನಲ್ಲಿ ಭೂವಿಜ್ಞಾನ ಇನ್ನೂ ಕಲಿಯುವವಳು, ಇಂಜಿನಿಯರುಗಳ ಎದುರು ಎಂತ ಹೇಳುವುದು ಅಂದೆ. ಅದು ನೆಪ. ನಿಜವಾದದ್ದು ಸಮೀಕ್ಷಾ. ಕ್ಲಾಸಿನಲ್ಲಿ ನಿನ್ನ ಪಕ್ಕ ಕೂರುವವಳು, ಮೇಲಿನ ಅಪಾರ್ಟ್‌ಮೆಂಟಿನಲ್ಲಿ ಮನೆ. ನೀನು ಬಾಯಿ ಬಿಟ್ಟರೆ ಆ ಫ್ಲ್ಯಾಟುಗಳನ್ನು ಕೊಳ್ಳುವವರಿರುವುದಿಲ್ಲ, ಅವಳ ಅಪ್ಪ ನಿನ್ನ ಮುಖ ನೋಡುವುದಿಲ್ಲ, ಅವಳು ದೂರವಾಗುತ್ತಾಳೆ. ಆಗಬಹುದು. ಆಗುವುದಿಲ್ಲವೆಂದು ಸುಳ್ಳು ಹೇಳಲಾರೆ. ಆದರೆ ಆ ಮಣ್ಣಿನ ಕೆಳಗೆ ಮುದ್ದಕ್ಕ ಮಲಗುವ ಹಾಗೆಯೇ ಅದರ ಮೇಲೆ ಸಮೀಕ್ಷಾ ಮಲಗುತ್ತಾಳೆ. ಅವಳಿಗೆ ಇದನ್ನು ಹೇಳಿದವರು ಯಾರೂ ಇಲ್ಲ. ಮಳೆ ಹಿಡಿಯುವ ಮೊದಲು ಹೇಳಿದರೆ ಮಾತ್ರ ಅದು ಹೇಳಿದಂತೆ.

ಮೂಲ ವರದಿಯ ಒಂಬತ್ತನೆಯ ಪುಟದ ಆ ಸಾಲು ಓದು, ಅರ್ಥ ಹೇಳು, ಇಳಿದು ಬಾ. ಅಷ್ಟೇ.

ನಿನ್ನ ಗಂಟಲು ನಡುಗದಿರಲಿ. ಕೆಳಗಿನವರೂ ಮೇಲಿನವರೂ ಈ ಮಳೆಗಾಲ ದಾಟಲಿ.

ನಿನ್ನಿಂದ ಒಂದು ಶಬ್ದ ಕಲಿತ,
ಯೋಗೀಶ ಮಾಮ

ಮಾತಾಡುವವರ ಪಟ್ಟಿಯಲ್ಲಿ ನನ್ನ ಹೆಸರು ಹೊಡೆದುಹಾಕಿ ನಿನ್ನದು ಬರೆಸಿದ್ದೇನೆ. ನೀನು ಬಾರದಿದ್ದರೆ ಆ ಐದು ನಿಮಿಷ ನಮ್ಮ ಕಡೆಯಿಂದ ಯಾರೂ ಬಾಯಿ ತೆರೆಯುವುದಿಲ್ಲ. ಸಭೆ ಸೋಮವಾರ, ಮೇ ಹದಿನೆಂಟು, ಬೆಳಿಗ್ಗೆ ಹತ್ತೂವರೆಗೆ.