ಏರುತಗ್ಗಿನ ಮೈದಾನದಲ್ಲಿ ಒಂದು ಗೆಲುವು

ಹೆಲ್ಮ್‌ಕೋಟ್, ಲೆಸ್ಟರ್‌ಶೈರ್
ಜೂನ್, ಸೋಮವಾರ

ಗೆಳೆಯ ವಿಲ್ಫ್ರೆಡ್,

ಶನಿವಾರ ನಮ್ಮೂರು ಗೆದ್ದಿತು! ನಗಬೇಡ, ನಿಜ. ಹತ್ತೊಂಬತ್ತು ವರ್ಷಗಳ ಮೇಲೆ ಪಕ್ಕದೂರಿನವರನ್ನು ಕ್ರಿಕೆಟ್‌ನಲ್ಲಿ ಸೋಲಿಸಿದೆವು.

ಕೊನೆಯ ಚೆಂಡಿಗೆ ಮೂರು ರನ್ ಬೇಕಿತ್ತು. ಬ್ಯಾಟು ಹಿಡಿದಿದ್ದವನು ಬೇಕರಿಯ ಸೆಡ್ರಿಕ್, ಅರವತ್ತೆರಡರ ಮುದುಕ. ಕಣ್ಣು ಮುಚ್ಚಿಕೊಂಡು ಬೀಸಿದ. ಚೆಂಡು ಮೆಲ್ಲಗೆ ಉರುಳುತ್ತಾ ಮೈದಾನದಂಚಿನ ಉದ್ದುದ್ದ ಮಣ್ಣಿನ ದಿಂಡುಗಳತ್ತ ಹೋಯಿತು. ಏಳುನೂರು ವರ್ಷಗಳ ಹಿಂದೆ ಊರ ರೈತರು ಎತ್ತು ಕಟ್ಟಿ ಪಟ್ಟಿಪಟ್ಟಿಯಾಗಿ ಉತ್ತ ಗುರುತು ಎಂದು ನೀನು ನಮ್ಮ ತಲೆ ತಿನ್ನುತ್ತಿದ್ದೆಯಲ್ಲ, ಅವೇ. ಚೆಂಡು ಎರಡು ದಿಂಡುಗಳ ನಡುವಿನ ಸಾಲಿಗಿಳಿದು ಚರಂಡಿಯ ನೀರಿನಂತೆ ಬಲಕ್ಕೆ ಹರಿಯಿತು. ಅದನ್ನು ಹಿಡಿಯಲು ನೇರಕ್ಕೆ ಓಡಿದ ಅವರ ಆಟಗಾರ ಮುಗ್ಗರಿಸಿ ದಿಂಡಿನಾಚೆ ಮಾಯವಾದ.

"ಚೆಂಡೆಲ್ಲಿ ಹೋಯ್ತೋ?" ಎಂದು ಅವರ ನಾಯಕ ಅರಚಿದ.

"ಹಳೇ ರೈತರ ಹೊಲಕ್ಕೆ! ಹೋಗಿ ಹುಡುಕ್ಕೊಳ್ಳಯ್ಯ!" ಎಂದು ಚಹಾ ಹಂಚುತ್ತಿದ್ದ ಮಾಡ್ಜ್ ಕೂಗಿದಳು. ಅಷ್ಟರಲ್ಲಿ ಸೆಡ್ರಿಕ್ ಏದುಸಿರು ಬಿಡುತ್ತಾ ಮೂರೂ ಓಡಿ ಮುಗಿಸಿದ್ದ.

ಹನ್ನೊಂದು ವರ್ಷಗಳ ಹಿಂದೆ ಆ ದಿಂಡುಗಳನ್ನು ಸಮ ಮಾಡಿಸಲು ಬುಲ್ಡೋಜರ್ ಕರೆಸಿದವನು ನಾನು. ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತವನು ನೀನು. ಅಂದು ಎಲ್ಲರೆದುರು ನಾನಾಡಿದ ಮಾತು ನಿನಗೆ ನೆನಪಿರುತ್ತದೆ. ಮರುತಿಂಗಳೇ ನೀನು ಊರು ಬಿಟ್ಟೆ.

ಕೇಕ್ ತಿನ್ನುವಾಗ ಹೊಸದಾಗಿ ತಂಡ ಸೇರಿದವನೊಬ್ಬ, "ಆ ದಿಂಡುಗಳನ್ನ ಉಳಿಸಿದ ಪುಣ್ಯಾತ್ಮ ಯಾರು?" ಎಂದು ಕೇಳಿದ. ಎಲ್ಲರೂ ನನ್ನ ಮುಖ ನೋಡಿದರು.

"ವಿಲ್ಫ್ರೆಡ್," ಎಂದೆ. ಹನ್ನೊಂದು ವರ್ಷಗಳಲ್ಲಿ ನಿನ್ನ ಹೆಸರು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು.

"ಹಾಗಾದ್ರೆ ಅವನಿಗೆ ಬರೆದು ತಿಳಿಸೋ ಮಾರಾಯ," ಎಂದಳು ಮಾಡ್ಜ್.

"ಬರೀತೀನಿ," ಎಂದೆ.

ಬರೆದಿದ್ದೇನೆ. ಅಂಚೆಗೆ ಹಾಕುತ್ತೇನೆಂದು ಮಾತ್ರ ಹೇಳಿರಲಿಲ್ಲ.

ನಿನ್ನ
ಹಂಫ್ರಿ