ಯಂತ್ರ ಹಾಕಿದ ಸಹಿ

ಅಕ್ಟೋಬರ್ 3, ಶುಕ್ರವಾರ. ಸುವಾ
ಇಲ್ಲಿ ಬರೀತಿರೋದಕ್ಕೆ ಕ್ಷಮೆ ಇರಲಿ. ಇದು ಲ್ಯಾಬ್ ನೋಟ್‌ಬುಕ್, ಸ್ವಂತ ಗೋಳಿಗಲ್ಲ. ಆದ್ರೆ ಯಾರಿಗೂ ಹೇಳೋಕಾಗ್ತಿಲ್ಲ. ಸ್ಕೂಲ್ ಹಾಸ್ಟೆಲಲ್ಲಿ ಏಳು ವರ್ಷ ಕಲಿತದ್ದು ಅದೊಂದೇ — ಬಾಯಿ ಮುಚ್ಚಿಕೊಂಡಿರೋದು.

ಹನ್ನೊಂದನೇ ಡಬ್ಬಿ ಟೆಸ್ಟ್ ಆಯ್ತು. ದೋಣಿ ಎಲ್ಲಿದೆ ಅಂತ ರೇಡಿಯೋದಲ್ಲಿ ದಡಕ್ಕೆ ತಿಳಿಸೋ ಡಬ್ಬಿ. ಇನ್ನು ಮೂರು ಬಾಕಿ. ಹದಿನಾಲ್ಕೂ ಕೋರೊ ದ್ವೀಪಕ್ಕೆ, ಚಂಡಮಾರುತದ ಕಾಲ ಶುರುವಾಗೋ ಮೊದಲು. ಒಂದು ನಮ್ಮ ಮಾವನ ದೋಣಿಗೆ.

ಹೋಬಾರ್ಟ್‌ನಿಂದ ಬ್ರೊನ್ವಿನ್ ಮೇಲ್. ಡಬ್ಬಿಯ ಸಾಫ್ಟ್‌ವೇರ್ ನೋಡಿಕೊಳ್ಳೋದು ಅವರೇ. ಎಲ್ಲರೂ ಓದೋ ಹಾಗೆ ಕಳಿಸಿದ್ದಾರೆ.

"ಮಕೆರೇತಾ, ರೇಡಿಯೋ ಚಿಪ್ಪನ್ನ ನಡೆಸೋ ಫರ್ಮ್‌ವೇರ್ ಫೈಲನ್ನ ನಮ್ಮ ಕೋಡಿಗೆ ಸೇರಿಸಿದ್ದೀಯ. ಅದು ಚಿಪ್ ಮಾಡೋ ಕಂಪನಿಯ ಸ್ವತ್ತು. ಯಾರಿಗೂ ಹಂಚಕೂಡದು ಅನ್ನುತ್ತೆ ಅವರ ಲೈಸೆನ್ಸ್. ಯಾರು ಬೇಕಾದರೂ ಹಂಚಬಹುದು ಅನ್ನುತ್ತೆ ನಮ್ಮದು. ಎರಡನ್ನೂ ಒಂದೇ ಗಂಟಲ್ಲಿ ಹೇಗೆ ಕಟ್ಟಿದೆ? 'ಇದನ್ನು ಕೊಡುವ ಹಕ್ಕು ನನಗಿದೆ' ಅಂತ ಕೆಳಗೆ ನಿನ್ನ ಸಹಿ ಬೇರೆ."

ನಾನು ಆ ಫೈಲ್ ಮುಟ್ಟೇ ಇಲ್ಲ.

ಅಕ್ಟೋಬರ್ 6, ಸೋಮವಾರ, ಮಧ್ಯಾಹ್ನ
ಇಸಿಕೇಲಿ. ನಮ್ಮ ಸ್ಕೂಲಿನವನೇ, ಎರಡು ವರ್ಷ ಸೀನಿಯರ್, ಈಗ ಇದೇ ಲ್ಯಾಬಲ್ಲಿ. ಕ್ಯಾಂಟೀನಲ್ಲಿ ಮರಗೆಣಸು ತಿಂತಾ ಕೂತಿದ್ದ. ಆ ಫೈಲ್ ಹಾಕಿದ್ದು ನೀನಾ ಅಂತ ಕೇಳಿದೆ.

"ಹೂಂ, ನಾನೇ ಹಾಕ್ದೆ. ನಿನ್ನ ಕಂಪ್ಯೂಟರ್ ಖಾಲಿ ಇತ್ತು."

"ನನ್ನ ಸಹಿ ಯಾಕೆ ಹಾಕಿದೆ ಅಣ್ಣ?"

"ನಾನೆಲ್ಲಿ? ಮಷೀನ್ ಹಾಕ್ತು. ಮರೆತುಹೋಗುತ್ತೆ ಅಂತ ತಾನಾಗೇ ಬೀಳೋ ಹಾಗೆ ಇಟ್ಕೊಂಡಿದ್ದು ಯಾರಮ್ಮ?"

ನಾನೇ. ಮರೆತರೆ ಬೈತಾರೆ ಅನ್ನೋ ಭಯಕ್ಕೆ.

"ಲೈಸೆನ್ಸ್ ಓದಿದ್ಯಾ?"

"ಅದನ್ನ ಯಾರೇ ಓದ್ತಾರೆ? ಆ ಫೈಲ್ ಇಲ್ದೆ ರೇಡಿಯೋ ಕೆಮ್ಮೋದೂ ಇಲ್ಲ. ನಿಮ್ಮ ಮಾವ ಅಲೆ ಮೇಲೆ ನಿಂತ್ಕೊಂಡು ಲೈಸೆನ್ಸ್ ಪಾರಾಯಣ ಮಾಡ್ತಾರಾ?"

ಪಕ್ಕದವರು ನಕ್ಕರು.

"ಸಾರಿ ಅಂದ್ಬಿಡು ತಂಗಿ. ನಮ್ಮ ಸ್ಕೂಲಿನವರು ಒಬ್ರನ್ನೊಬ್ರು ಬಿಟ್ಕೊಡಲ್ಲ. ಫಸ್ಟ್ ಇಯರ್‌ಗೆ ಯಾರೂ ಏನೂ ಅನ್ನಲ್ಲ."

ಫಸ್ಟ್ ಇಯರ್‌ಗೆ ಹೆಸರಿನ ಬೆಲೆ ಇಲ್ಲ ಅಂತ. ತಟ್ಟೆ ಅವನ ತಲೆ ಮೇಲೆ ಬೋರಲು ಹಾಕಬೇಕಿತ್ತು.

ಅಕ್ಟೋಬರ್ 7
ನನ್ನದೇ ತಪ್ಪು ಅಂತ ಬರೆದೆ. ಹೇಡಿ.

ಬ್ರೊನ್ವಿನ್ ಫೈಲ್ ತೆಗೆದುಹಾಕಿದರು. ಹದಿನಾಲ್ಕು ಡಬ್ಬಿಗೂ ಬಾಯಿಲ್ಲ ಈಗ. ಬೇಕಾದವರು ಕಂಪನಿ ಸೈಟಿಂದ ತಾವೇ ಇಳಿಸಿಕೊಳ್ಳಲಿ ಅಂತೆ. ಕೋರೊದಲ್ಲಿ? ಅಲ್ಲಿ ಒಂದು ಫೋನ್ ಮಾಡೋಕೇ ಗುಡ್ಡ ಹತ್ತಬೇಕು.

ಅಕ್ಟೋಬರ್ 15, ಬುಧವಾರ
ವಾರ ಪೂರ್ತಿ ಲ್ಯಾಬ್ ಕಡೆ ಹೋಗಲಿಲ್ಲ. ಇವತ್ತು ಗುಡ್ಡದಿಂದ ಮಾವನ ಫೋನ್.

"ಡಬ್ಬಿ ಯಾವಾಗ ಪುಟ್ಟಿ? ದೋಣೀಲಿ ಗೂಡು ಹೊಡೆದಿಟ್ಟಿದೀನಿ. ಕೋಳಿ ಬಂದು ಕೂತಿದೆ. ಇನ್ನೂ ತಡ ಆದ್ರೆ ಮರಿ ಮಾಡುತ್ತೆ."

ತಡೆಯೋಕಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

"ಅಲ್ಲ, ಆ ಕಂಪನಿಯವರನ್ನ ಕೇಳಿದ್ರಾ?"

ಕೇಳಿಲ್ಲ. ಇಸಿಕೇಲಿ ಕೇಳಿಲ್ಲ, ಬ್ರೊನ್ವಿನ್ ಕೇಳಿಲ್ಲ, ನಾನೂ ಕೇಳಿಲ್ಲ. ಹನ್ನೆರಡು ದಿನ ಕಾಗದದ ಮೇಲೆ ಕಿತ್ತಾಡಿದ್ದೇವೆ. ಒಬ್ಬರಾದರೂ ಬಾಗಿಲು ತಟ್ಟಿಲ್ಲ. ಥೂ.

ಸಂಜೆ ಎಲ್ಲರಿಗೂ ನಿಜ ಬರೆದೆ — ಫೈಲ್ ಸೇರಿಸಿದ್ದು ಇಸಿಕೇಲಿ, ಸಹಿ ತಾನಾಗೇ ಬೀಳೋಕೆ ಬಿಟ್ಟಿದ್ದು ನಾನು. ಹತ್ತು ನಿಮಿಷಕ್ಕೆ ಅವನ ಮೆಸೇಜ್: "ಚಾಡಿಕೋರಿ."

ಅಕ್ಟೋಬರ್ 16, ಬೆಳಿಗ್ಗೆ
ಕಂಪನಿಗೆ ಕರಡು, ಮೂರನೇದು. ಮೊದಲೆರಡರಲ್ಲಿ ಬರೀ ಬೈಗುಳ ಬಂತು —

ಮಾನ್ಯರೇ, ನಿಮ್ಮ ಫೈಲಿನ ಒಳಗುಟ್ಟು ನಮಗೆ ಬೇಡ. ಅದರಲ್ಲಿ ಏನನ್ನೂ ಬದಲಿಸುವುದಿಲ್ಲ. ನಮ್ಮ ಕೋಡಿಗೆ ಬೆರೆಸದೆ, ನಿಮ್ಮ ಲೈಸೆನ್ಸಿನ ಪ್ರತಿಯನ್ನೂ ಜೊತೆಗಿಟ್ಟು, ಬೇರೆಯಾಗಿ ಹಂಚಲು ಲಿಖಿತ ಅನುಮತಿ ಬೇಕು. ನವೆಂಬರ್ ಒಂದರೊಳಗೆ ಡಬ್ಬಿಗಳು ಹಡಗು ಹತ್ತಬೇಕು. ಆಗುತ್ತದೆ ಎನ್ನಿ, ಇಲ್ಲವೇ ಆಗುವುದಿಲ್ಲ ಎನ್ನಿ. ದಯವಿಟ್ಟು ಬೇಗ ಉತ್ತರ ಕಳಿಸಿ.