ದಡದ ಹೊಗೆಗೆ ತೋಪಿನ ಉತ್ತರ

ದಂಡಿನ ಯೋಜನೆ ಹಾಕಿದ ದೊಡ್ಡ ಸಾಹೇಬರೇ,

ಎರಡು ವರ್ಷದ ಹಿಂದೆ ನಮ್ಮನ್ನು ನಿಜಾಮನ ಆಳ್ವಿಕೆಯಿಂದ ಬಿಡಿಸಲು ಬಂದ ತಾವು ಭೀಮಾ ದಂಡೆಯ ನಮ್ಮೂರಿನ ಮೇಲೆ ತೋಪು ಹಾರಿಸಿದಿರಿ. ಸತ್ತವನು ಒಬ್ಬನೇ. ಅವನ ಹೆಸರು ಅಯ್ಯಣ್ಣ, ಹರಿಗೋಲು ನಡೆಸುವ ಅಂಬಿಗ. ಆಮೇಲೆ ಯಾದಗಿರಿಯ ವಿಜಯದ ಸಭೆಯಲ್ಲಿ ಆ ಒಬ್ಬನನ್ನೇ ತಾವು ‘ದುಶ್ಮನ್ ಠಾಣೆ’ ಎಂದು ಕರೆದಿರಿ. ತೋಪಿನ ತಪ್ಪನ್ನು ನಾವು ಹೇಗೋ ನುಂಗಿಕೊಂಡಿದ್ದೇವೆ. ಆ ಮಾತನ್ನು ಮಾತ್ರ ನುಂಗಲು ಆಗುತ್ತಿಲ್ಲ. ಅದಕ್ಕೇ ನಾಲ್ಕು ಜನ ಓದಲಿ ಎಂದು ಈ ಪತ್ರವನ್ನು ಪತ್ರಿಕೆಗೆ ಕಳಿಸಿದ್ದೇನೆ.

ನಾನು ರಂಗಂಪೇಟೆಯಲ್ಲಿ ಹುಟ್ಟಿ ಈ ಹೊಳೆದಂಡೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವನು. ಯುದ್ಧಶಾಸ್ತ್ರ ಓದಿದವನಲ್ಲ. ಆದರೆ ಒಂದು ಸಂದೇಹ ಕೇಳಬಹುದೇ? ಭಾದ್ರಪದದಲ್ಲಿ ಭೀಮಾ ತುಂಬಿ ಹರಿಯುತ್ತಾಳೆ ಎಂಬುದು ತಮ್ಮ ಕಛೇರಿಗೆ ಗುಪ್ತಚರರ ಮೂಲಕವೇ ತಿಳಿಯಬೇಕಿತ್ತೇ? ತಮ್ಮ ನಕ್ಷೆಯಲ್ಲಿ ಇಲ್ಲಿ ಕಾಲ್ನಡಿಗೆಯಲ್ಲಿ ದಾಟಬಹುದು ಎಂದು ಬರೆದಿತ್ತಂತೆ. ಬರೆದವರು ಸುಳ್ಳು ಬರೆದಿಲ್ಲ ಬಿಡಿ, ಬೇಸಿಗೆಯಲ್ಲಿ ಬಂದು ನೋಡಿ ಹೋಗಿದ್ದಾರೆ ಅಷ್ಟೆ. ಸೇತುವೆ ಕಟ್ಟುವ ಸಾಮಾನು ಹೊತ್ತ ಲಾರಿಗಳು ಶಹಾಪುರದ ಈಚೆ ಎರೆಮಣ್ಣಿನಲ್ಲಿ ಅಚ್ಚಿನವರೆಗೆ ಹೂತು ಕೂತಿದ್ದವು. ತೋಪುಗಳು ಮಾತ್ರ ಎತ್ತುಗಳ ಸಹಾಯದಿಂದ ಹೊಳೆ ಮುಟ್ಟಿದವು. ಹೊಳೆ ದಾಟುವ ಸಾಧನ ಹಿಂದೆ, ಹೊಳೆಯಾಚೆ ಕೊಲ್ಲುವ ಸಾಧನ ಮುಂದೆ. ಇಂಥ ಯೋಜನೆ ಹಾಕುವುದಕ್ಕೂ ದೊಡ್ಡ ಓದು ಬೇಕಾಗಬಹುದು, ನನಗೆ ಗೊತ್ತಿಲ್ಲ.

ನಮ್ಮ ದಡದಲ್ಲಿದ್ದ ಶತ್ರುಬಲವನ್ನೂ ಹೇಳಿಬಿಡುತ್ತೇನೆ. ಪಹರೆಯ ಜವಾನ ಜಲಾಲುದ್ದೀನ, ಅವನೊಬ್ಬನೇ. ಗುಂಡು ಹಾರಿಸುವ ಕುದುರೆಯೇ ಮುರಿದಿದ್ದ ಬಂದೂಕನ್ನು ಅವನು ಬಾಗಿಲಿಗೆ ಅಗುಳಿಯಾಗಿ ಹಾಕಿಕೊಳ್ಳುತ್ತಿದ್ದ. ದಂಡು ಬರುವ ಸುದ್ದಿ ಕೇಳಿದ್ದೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಗುರುಮಠಕಲ್ ಕಡೆಯ ಮಾವನ ಮನೆಗೆ ಹೊರಟುಹೋದ. ಅಳುತ್ತಿದ್ದ ಅವನ ಮಕ್ಕಳಿಗೆ ರೊಟ್ಟಿಯ ಬುತ್ತಿ ಕಟ್ಟಿಕೊಟ್ಟವಳು ಅಯ್ಯಣ್ಣನ ಹೆಂಡತಿ ಮೌನಮ್ಮ. ಹೀಗೆ ತಾವು ಬರುವ ಮೊದಲೇ ನಮ್ಮ ಠಾಣೆ ತೆರವಾಗಿತ್ತು.

ಈಗ ಹೊಗೆಯ ವಿಷಯಕ್ಕೆ ಬರುತ್ತೇನೆ. ಹೊಳೆ ತುಂಬಿದಾಗ ಹರಿಗೋಲು ಹತ್ತಿ ಇಳಿಯುವ ಜಾಗ ಹಿಂದೆ ಮುಂದೆ ಆಗುತ್ತದೆ. ಆಚೆ ದಡದಲ್ಲಿ ಯಾರಾದರೂ ಬಂದು ನಿಂತರೆ ನಮ್ಮ ಅಂಬಿಗರು ಈಚೆ ದಡದಲ್ಲಿ ಕುಳ್ಳು, ಅಂದರೆ ಬೆರಣಿ, ಹೊತ್ತಿಸಿ, ಮೇಲೆ ಹಸಿ ಹುಲ್ಲು ಹಾಕಿ ಹೊಗೆ ಎಬ್ಬಿಸುತ್ತಾರೆ. ನಿಮ್ಮನ್ನು ನೋಡಿದ್ದೇವೆ, ಹಿಂದಿರುಗಬೇಡಿ, ಹರಿಗೋಲು ಬರುತ್ತದೆ, ಇಳಿಯುವ ಜಾಗ ಇದು ಎಂದು ಅದರ ಅರ್ಥ. ಮದುವೆಯ ದಿಬ್ಬಣಕ್ಕೂ ಅದೇ ಹೊಗೆ, ಸೂಲಗಿತ್ತಿಗೂ ಅದೇ ಹೊಗೆ. ಆಚೆ ದಡದ ಯಾವ ಮುದುಕಿಯನ್ನು ಕೇಳಿದ್ದರೂ ಹೇಳುತ್ತಿದ್ದಳು. ಆದರೆ ತಾವು ಆ ದಡದ ಊರಿನ ಜನರಿಗೆಲ್ಲ ಮನೆಯೊಳಗೇ ಇರಬೇಕೆಂದು ಹುಕುಂ ಮಾಡಿ, ದುರ್ಬೀನು ಹಿಡಿದು ನಮ್ಮನ್ನು ನೋಡುತ್ತ ನಿಂತಿರಿ.

ಆ ಬೆಳಿಗ್ಗೆ ಅಯ್ಯಣ್ಣ ಹೊಸ ರುಮಾಲು ಸುತ್ತಿಕೊಂಡು ನನ್ನ ಅಂಗಡಿಗೆ ಬಂದ. “ಸಾವ್ಕಾರ್ರ, ನಮ್ಮೋರು ಬಂದಾರ. ಹಾದಿ ತೋರಿಸಬೇಕಲ್ರಿ? ಹರಕು ಗೋಣಿಚೀಲ ಇದ್ರ ಕೊಡ್ರಿ, ಹೊಗಿ ಜೋರ್ ಏಳ್ತದ” ಎಂದ. ಕೊಟ್ಟೆ. ಅವನ ಹಿಂದೆಯೇ ನಾನೂ ಹೋಗಿ ಊರವರ ಜೊತೆ ಬೇವಿನ ಮರದ ಹತ್ತಿರ ನಿಂತೆ. ಹೊಗೆ ಚೆನ್ನಾಗಿ ಎದ್ದಿತು. ಅವನು ರುಮಾಲು ಬಿಚ್ಚಿ ಆಚೆ ದಡದ ಕಡೆಗೆ ಬೀಸತೊಡಗಿದ.

ತಮ್ಮ ಮೊದಲ ಗುಂಡು ಹೊಳೆಗೆ ಬಿತ್ತು. ನೀರು ತೆಂಗಿನ ಮರದೆತ್ತರ ಎದ್ದಿತು. ನಾವೆಲ್ಲ ನೆಲಕ್ಕೆ ಬಿದ್ದೆವು. ಅಯ್ಯಣ್ಣ ಮಾತ್ರ ನಿಂತೇ ಇದ್ದ, ಮೇಲಾಗಿ ನಗುತ್ತಿದ್ದ. ಹಿಂದೆ ಸುರಪುರದ ಕಡೆ ದೊಡ್ಡವರು ಬಂದರೆ ತೋಪು ಹಾರಿಸಿ ಸಲಾಮಿ ಕೊಡುತ್ತಿದ್ದರೆಂದು ಅವನ ಅಜ್ಜ ಕಥೆ ಹೇಳುತ್ತಿದ್ದನಂತೆ. “ಅಂಜಬ್ಯಾಡ್ರೋ, ಸಲಾಮಿ ಹೊಡ್ಯಾಕತ್ಯಾರ! ಇನ್ನೊಂದೀಟು ಹುಲ್ಲ ತರ್ರಿ!” ಎಂದು ನಮ್ಮ ಕಡೆ ತಿರುಗಿ ಕೂಗಿದ. ತಾನೇ ಬಗ್ಗಿ ಹುಲ್ಲು ತಳ್ಳಿದ. ಎರಡನೆಯ ಗುಂಡು ತಮ್ಮ ಗುರಿ ತಪ್ಪಲಿಲ್ಲ.

ಸಾಹೇಬರೇ, ಹೊಗೆ ಕಂಡ ದುರ್ಬೀನಿಗೆ ರುಮಾಲು ಬೀಸುವ ಮನುಷ್ಯ ಕಾಣಲಿಲ್ಲವೇ? ಯಾವ ದೇಶದ ಶತ್ರು ತಾನಿರುವ ಜಾಗಕ್ಕೆ ತಾನೇ ಹೊಗೆ ಹಾಕಿ, ಇಲ್ಲಿದ್ದೇನೆ ಬನ್ನಿ ಎಂದು ಕರೆಯುತ್ತಾನೆ?

ಈಚೆ ಕಡೆಯಿಂದ ಮರುಗುಂಡು ಬರಲಿಲ್ಲ. ಬರಲು ಇಲ್ಲಿ ಬಂದೂಕಾದರೂ ಎಲ್ಲಿತ್ತು? ಸ್ವಲ್ಪ ಹೊತ್ತಿಗೆ ಆಚೆ ದಡದಿಂದ ಹರಿಗೋಲು ತನ್ನಿ ಎಂದು ಕೂಗು ಕೇಳಿತು. ಅಯ್ಯಣ್ಣನ ಮೇಲೆ ಮೌನಮ್ಮನ ಸೀರೆ ಹೊದಿಸಿದ್ದೆವು. ಅವನ ತಮ್ಮ ಅಂಬ್ರಪ್ಪ ಹುಟ್ಟು ಕೈಗೆತ್ತಿಕೊಂಡ. “ಹುಚ್ಚಾ, ಎಲ್ಲಿ ಹೋಗ್ತಿ? ನಿಮ್ಮಣ್ಣನ್ನ ಕೊಂದೋರವ್ರು” ಎಂದು ನಾನು ಅವನ ಕೈ ಹಿಡಿದೆ. ಅವನು ನನ್ನ ಮುಖ ನೋಡಲಿಲ್ಲ. “ಅಣ್ಣ ಕರದಾನ್ರಿ. ಕರದ ಮ್ಯಾಲ ಈಚಿಗಿ ತರಬೇಕಲ್ರಿ” ಎಂದ. ಅಂದು ಸಂಜೆಯವರೆಗೆ ಅವನು ತಮ್ಮ ಜವಾನರನ್ನು ದಾಟಿಸಿದ. ಕಡೆಗೆ ಬಿಚ್ಚಿದ ತೋಪಿನ ಗಾಲಿಗಳನ್ನೂ ದಾಟಿಸಿದ. ಅದು ಯಾವ ತೋಪೆಂದು ಅವನೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ತಮ್ಮ ಕಿರಿಯ ಅಧಿಕಾರಿಯೊಬ್ಬರು ಹೆಣದ ಹತ್ತಿರ ಬಂದು ಇವನು ಯಾರು ಎಂದು ಕೇಳಿದರು. ನನಗೆ ಬರುವಷ್ಟು ಹಿಂದೂಸ್ತಾನಿಯಲ್ಲಿ ಎಲ್ಲ ಹೇಳಿದೆ. ಅವರು ಟೋಪಿ ತೆಗೆದರು. ಆ ಹುಡುಗಮುಖದ ಅಧಿಕಾರಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಅವರು ತಮಗೆ ವರದಿ ಒಪ್ಪಿಸಲಿಲ್ಲವೇ? ಒಪ್ಪಿಸಿದ್ದರೂ ಅದು ವಿಜಯದ ಸಭೆಗೆ ಒಗ್ಗಲಿಲ್ಲವೇ?

ಆ ಸಭೆಗೆ ಮೌನಮ್ಮನೂ ಬಂದಿದ್ದಳು. ದೊಡ್ಡ ಸಾಹೇಬರು ಗಂಡನ ಹೆಸರು ಹೇಳುತ್ತಾರೆ ಎಂದು ಮಗಳು ಸುಗಲಮ್ಮನನ್ನೂ ಕರೆದುಕೊಂಡು ಬಂದು ಹೆಂಗಸರ ಸಾಲಿನಲ್ಲಿ ಮುಂದೆ ಕೂತಿದ್ದಳು. ತಾವು ಹಿಂದೂಸ್ತಾನಿಯಲ್ಲಿ ಮಾತಾಡಿದಿರಿ. ಭೀಮಾ ದಂಡೆಯ ದುಶ್ಮನ್ ಠಾಣೆಯನ್ನು ಪುಡಿಗಟ್ಟಿದೆವು ಎಂದಾಗ ಮೈದಾನವೆಲ್ಲ ಚಪ್ಪಾಳೆ ಹೊಡೆಯಿತು. ಭೀಮಾ ಎಂಬ ಹೆಸರು ಕೇಳಿ ಅವಳೂ ಚಪ್ಪಾಳೆ ಹೊಡೆದಳು. ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದು, “ಸಾವ್ಕಾರ್ರ, ಹೊಳಿದಂಡಿ ಬಗ್ಗಿ ಹೇಳಿದ್ರಲ್ರಿ, ಅದರಾಗ ದುಶ್ಮನ್ ಅಂದ್ರು. ಯಾರಿಗಿ ಅಂದ್ರು?” ಎಂದು ಕೇಳಿದಳು. ನಾನು ಹೇಳುವ ಮೊದಲೇ ಅವಳು ತಾನೇ ಯೋಚನೆ ಮಾಡಿದಳು. “ಆ ದಂಡ್ಯಾಗ ಸತ್ತೋರು ನಮ್ಮ ಮನಿಯವರು ಒಬ್ರೇ ಅಲ್ರೀ” ಎಂದಳು. ಆಮೇಲೆ ತನ್ನ ಎರಡೂ ಅಂಗೈಗಳನ್ನು ಬಿಡಿಸಿ ನೋಡಿಕೊಂಡಳು.

ತಮ್ಮ ಒಂದು ಮಾತು ಅಲ್ಲಿಗೆ ನಿಲ್ಲಲಿಲ್ಲ. ಈ ವರ್ಷ ಸುಗಲಮ್ಮನಿಗೆ ಹತ್ತಿಕುಣಿ ಕಡೆಯಿಂದ ಬಂದ ಸಂಬಂಧ ಎಲೆ ಅಡಿಕೆಯವರೆಗೆ ಬಂದು ಮುರಿಯಿತು. “ಸರ್ಕಾರನೇ ದುಶ್ಮನ್ ಅಂದದ. ಆ ಮನಿ ಹೆಣ್ಣು ನಮಗ್ಯಾಕ್ ಬೇಕ್ರಿ?” ಎಂದು ಬೀಗರಾಗಬೇಕಿದ್ದವರು ಎದ್ದು ಹೋದರು. ಅವರನ್ನು ಬೈದು ಏನು ಪ್ರಯೋಜನ? ಸರ್ಕಾರದ ಮಾತನ್ನು ನಂಬಬೇಕೆಂದು ತಾವೇ ಕಲಿಸಿದ್ದೀರಿ.

ನಮ್ಮ ದಡದಲ್ಲಿ ಈಗ ಯಾರೂ ಹೊಗೆ ಹಾಕುವುದಿಲ್ಲ. ಮಳೆಗಾಲದಲ್ಲಿ ಆಚೆ ದಡದವರು ಗಂಟಲು ಹರಿಯುವಂತೆ ಕೂಗಿ, ಕೇಳದೆ, ಹಿಂದಿರುಗಿ ಹೋಗುತ್ತಾರೆ.

ಆದ್ದರಿಂದ ಕೇಳುತ್ತೇನೆ, ತಾವು ಬರಬೇಕು. ಈಚೆ ಕಡೆಯ ಸಡಕಿನಿಂದ ಅಲ್ಲ, ಅಂದು ತೋಪು ನಿಲ್ಲಿಸಿದ್ದ ಆಚೆ ದಡಕ್ಕೇ ಬಂದು ನಿಲ್ಲಬೇಕು. ಅಂಬ್ರಪ್ಪ ಹರಿಗೋಲು ತರುತ್ತಾನೆ, ಅವನ ಕೈ ನಂಬಿ ಹತ್ತಬಹುದು. ಈಚೆ ಇಳಿದು, ಊರ ಜನರ ಮುಂದೆ, ಹತ್ತಿಕುಣಿಯವರ ಮುಂದೆ, ಅದೇ ಹಿಂದೂಸ್ತಾನಿಯಲ್ಲಿ ಒಂದೇ ಮಾತು ಹೇಳಿ: ಅಯ್ಯಣ್ಣ ದುಶ್ಮನ್ ಅಲ್ಲ, ನಮ್ಮನ್ನು ಕರೆಯಲು ನಿಂತಿದ್ದ. ಮೌನಮ್ಮನಿಗೆ ಅರ್ಥವಾಗುತ್ತದೆ. ಬರುವ ದಿನ ಮೊದಲೇ ತಿಳಿಸಿ, ಕುಳ್ಳು ಹುಲ್ಲು ತಾನೇ ತೆಗೆದಿಡುತ್ತೇನೆ ಎಂದಿದ್ದಾಳೆ. ದಡದಲ್ಲಿ ಹೊಗೆ ಎದ್ದರೆ ದಯವಿಟ್ಟು ಗಾಬರಿಯಾಗಬೇಡಿ.

ಇಂತಿ,
ತಾವು ಗೆದ್ದ ದಡದಲ್ಲಿ ಇನ್ನೂ ಹರಕು ಗೋಣಿಚೀಲ ಕೂಡಿಡುತ್ತಿರುವ,
ಜಗದೇವಪ್ಪ, ಕಿರಾಣಿ ಅಂಗಡಿ